ಮಾದರಿ ಮನೆ

ಮುಂಬೈಯಿಂದ ಅತಿಥಿಗಳು ಬರುವ ದಿನ ಮಂದಾಕಿನಿಯ ಮನೆಗೆ ಮಧ್ಯಾಹ್ನವೇ ಬ್ಯಾಟರಿ ಬರುತ್ತಿತ್ತು. ಬಡವರ ಮನೆಗೆ ಸೋಲಾರ್ ದೀಪ ಹಾಕಿಸುವ ಟ್ರಸ್ಟಿನ ಜೀಪು ಓಣಿಯ ತುದಿಯಲ್ಲಿ ನಿಲ್ಲುತ್ತಿತ್ತು. ಮೆಕ್ಯಾನಿಕ್ ಸೋಮ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಹೊಟ್ಟೆಗೆ ಅವಚಿಕೊಂಡು, ಅಕ್ಕಪಕ್ಕದವರು ನೋಡದಂತೆ ಹಿತ್ತಲ ಬಾಗಿಲಿನಿಂದ ಒಳಗೆ ತಂದು, ಕಪಾಟಿನ ಹಿಂದೆ ಇಟ್ಟು ತಂತಿ ಬಿಗಿಯುತ್ತಿದ್ದ. ಮೂರು ದೀಪ, ಒಂದು ಪುಟ್ಟ ಫ್ಯಾನು. ಎಲ್ಲವನ್ನೂ ಒಮ್ಮೆ ಹಾಕಿ ಆರಿಸಿ ನೋಡಿ, "ಸಂಜೆವರೆಗೆ ಮುಟ್ಬೇಡಿ ಅಕ್ಕಾ, ಚಾರ್ಜ್ ಇಳೀತದೆ," ಎಂದು ಹೇಳಿ ಜಗಲಿಯಲ್ಲಿ ಕೂತು ಬೀಡಿ ಹಚ್ಚುತ್ತಿದ್ದ.

ಅತಿಥಿಗಳು ಬರುವುದು ಹೊತ್ತು ಮುಳುಗುವಾಗ. ಮಂದಾಕಿನಿ ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆ ಕತ್ತಲೆ. ಎಲ್ಲರೂ ಚಾಪೆಯ ಮೇಲೆ ಕೂತಾದ ಮೇಲೆ ಅವಳು ಸ್ವಿಚ್ ಒತ್ತುತ್ತಿದ್ದಳು. ಮನೆ ಬೆಳಗುತ್ತಿತ್ತು, ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಮೊದಲು ನಮ್ಮದು ಬರೀ ಕತ್ತಲೆಯ ಬದುಕು, ಮಗಳು ರಕ್ಷಿತಾ ಬುಡ್ಡಿ ದೀಪದಲ್ಲಿ ಓದಿ ಕಣ್ಣು ಹಾಳು ಮಾಡಿಕೊಂಡಳು, ಮಾವನವರಿಗೆ ದಮ್ಮು, ಈ ಫ್ಯಾನು ಬಂದ ಮೇಲೇ ಅವರು ಉಸಿರಾಡುತ್ತಿರುವುದು—ಹೀಗೆ ಹೇಳಬೇಕಾದದ್ದನ್ನೆಲ್ಲ ಅವಳು ಹಿಂದಿಯಲ್ಲಿ ಹೇಳುತ್ತಿದ್ದಳು. ಮದುವೆಗೆ ಮುಂಚೆ ಎರಡು ವರ್ಷ ಮುಂಬೈಯಲ್ಲಿ ಸೋದರಮಾವನ ಮನೆಯಲ್ಲಿದ್ದವಳು. ಅವಳ ಹಿಂದಿ ಟ್ರಸ್ಟಿನ ಕಾರ್ಯದರ್ಶಿ ಪುಂಡಲೀಕ ಸರ್ ಅವರ ಹಿಂದಿಗಿಂತ ಚೆನ್ನಾಗಿತ್ತು.

ಅತಿಥಿಗಳ ಕಾರು ಹೆದ್ದಾರಿ ಹತ್ತಿದ ಕೂಡಲೇ ಸೋಮ ಒಳಗೆ ಬಂದು ತಂತಿ ಬಿಚ್ಚುತ್ತಿದ್ದ. ಫ್ಯಾನು ಇನ್ನೆರಡು ಸುತ್ತು ತಿರುಗಿ ನಿಲ್ಲುತ್ತಿತ್ತು. ಮಂಚದ ಮೇಲೆ ಗೋಡೆಗೊರಗಿ ಕೂತ ಮಾವ ತಲೆಯೆತ್ತಿ ಕೇಳುತ್ತಿದ್ದರು.

"ಕರೆಂಟ್ ಹೋಯ್ತನ?"

"ಹೋಯ್ತು ಮಾವಾ."

"ಯಾವಾಗ ಬರ್ತದೆ?"

ಅವಳು ಬುಡ್ಡಿ ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಿದ್ದಳು.

ಒಂದು ಸಲ ಅವಳು ಸೋಮನನ್ನು ಬೇಡಿಕೊಂಡಿದ್ದಳು. ಏಪ್ರಿಲ್ ತಿಂಗಳು, ಎಲೆ ಅಲ್ಲಾಡದ ಸೆಕೆ. ಮಾವನ ಎದೆಯಿಂದ ಸೀಟಿ ಊದಿದಂತೆ ಸದ್ದು ಬರುತ್ತಿತ್ತು. "ನಾಳೆ ಬೆಳಿಗ್ಗೆ ಬಂದು ತಗಂಡು ಹೋಗು ಸೋಮಾ, ಇವತ್ತೊಂದು ದಿನ ಇರ್ಲಿ," ಎಂದಳು. ಸೋಮ ನೆಲ ನೋಡಿದ. "ನಾಳೆ ಬೆಳಿಗ್ಗೆ ಅಂಕೋಲೆಯ ಇನ್ನೊಂದು ಮನೇಲಿ ತೋರಿಸ್ಬೇಕು ಅಕ್ಕಾ. ಸರಿಯಾಗಿ ಚಾರ್ಜ್ ನಿಲ್ಲೂ ಬ್ಯಾಟರಿ ನಮ್ಮ ಹತ್ರ ಇದೊಂದೇ ಇರೂದು," ಎಂದು ಗೋಣಿಚೀಲ ಹೊದಿಸಿ ಹೊತ್ತುಕೊಂಡು ಹೋದ.

ಮಂದಾಕಿನಿಯ ಮನೆಯವರು ಮೂಲತಃ ಚೆಂಡಿಯಾದವರು. ಮನೆ, ಗದ್ದೆ, ಬಾವಿ ಎಲ್ಲ ನೌಕಾನೆಲೆಗೆ ಹೋದ ಮೇಲೆ ಹೆದ್ದಾರಿ ಬದಿಯ ಈ ಪುನರ್ವಸತಿ ಕಾಲೊನಿಗೆ ಬಂದಿದ್ದರು. ಗಂಡ ದೇವಾನಂದನಿಗೆ ಕಾರವಾರದ ಒಂದು ಸೊಸಾಯಿಟಿಯಲ್ಲಿ ಜವಾನನ ಕೆಲಸ. ಕಾಲೊನಿಯ ಮನೆಗಳಿಗೆ ಕರೆಂಟು ಇತ್ತು, ಆದರೆ ಇರುವುದಕ್ಕಿಂತ ಹೋಗುವುದೇ ಹೆಚ್ಚು. ಬೇಸಿಗೆಯಲ್ಲಿ ದಿನಕ್ಕೆ ಆರೇಳು ತಾಸು ಇಲ್ಲ. ಮಳೆಗಾಲದಲ್ಲಿ ಎಲ್ಲೋ ಮರ ಬಿತ್ತೆಂದರೆ ಎರಡು ದಿನ ಇಲ್ಲ. ಕೈಗಾದಿಂದ ಹೊರಟ ದೊಡ್ಡ ತಂತಿಗಳು ಗುಡ್ಡದ ನೆತ್ತಿಯ ಮೇಲೆ ಝುಂಯ್ಯೆನ್ನುತ್ತ ಎಲ್ಲಿಗೋ ಹೋಗುತ್ತಿದ್ದವು.

ಪುಂಡಲೀಕ ಸರ್ ಬಂದದ್ದು 2005ರ ದೀಪಾವಳಿಗೆ ಮುಂಚೆ. ನಿವೃತ್ತ ಹೈಸ್ಕೂಲು ಮಾಸ್ತರು, ಬಿಳಿ ಬುಶ್‌ಶರ್ಟು, ಮೆತ್ತಗಿನ ಮಾತು. ಸೂರ್ಯನ ಬೆಳಕಿನಿಂದ ಉರಿಯುವ ದೀಪ, ಬಿಲ್ಲಿಲ್ಲ, ಕರೆಂಟು ಹೋಗುವ ಭಯವಿಲ್ಲ, ಎಲ್ಲ ಧರ್ಮಾರ್ಥ. ಒಂದೇ ಒಂದು ಸಣ್ಣ ವಿಷಯ. "ದುಡ್ಡು ಕೊಡೂ ದೊಡ್ಡವರು ಕರೆಂಟೇ ಇಲ್ಲದ ಮನೆಗೆ ಅಂತ ಕೊಡೂದು. ಕಾಗದದಲ್ಲಿ ನಿಮ್ಮ ಮನೆಗೆ ಲೈನು ಇರ್ಬಾರ್ದು. ಬೇಡ ಅಂತ ಒಂದು ಅರ್ಜಿ ಕೊಟ್ಬಿಡಿ ದೇವಾನಂದ. ಹೆಂಗೂ ನಿಮ್ಮ ಕರೆಂಟು ಇದ್ದೂ ಇಲ್ಲದ ಹಾಂಗೇ ಅಲ್ವಾ?"

ದೇವಾನಂದ ಅರ್ಜಿ ಕೊಟ್ಟ. ಲೈನ್‌ಮನ್ ಬಂದು ಮೀಟರು ಕಿತ್ತುಕೊಂಡು ಹೋದ. ಛಾವಣಿಯ ಮೇಲೆ ನೀಲಿ ಫಲಕ ಬಂತು, ಬಾಗಿಲ ಮೇಲೆ 'ಮಾದರಿ ಮನೆ' ಎಂಬ ಹಸಿರು ಬೋರ್ಡು ಬಂತು. ಏಳು ತಿಂಗಳು ದೀಪಗಳು ಚೆನ್ನಾಗಿ ಉರಿದವು. ಮೊದಲ ಮಳೆಗಾಲದಲ್ಲೇ ಬ್ಯಾಟರಿ ಸತ್ತಿತು. ಬೇರೆ ಬರುತ್ತದೆಂದು ಸೋಮ ಅದನ್ನು ಒಯ್ದ, ಬೇರೆ ಬರಲಿಲ್ಲ. ಲೈನು ವಾಪಸು ಕೇಳಲು ಹೋದರೆ, ಹೊಸ ಮೀಟರಿಗೆ ಜಾಗದ ಹಕ್ಕುಪತ್ರ ಬೇಕೆಂದರು. ಕಾಲೊನಿಯಲ್ಲಿ ಯಾರಿಗೂ ಹಕ್ಕುಪತ್ರ ಇನ್ನೂ ಸಿಕ್ಕಿರಲಿಲ್ಲ. ಹೀಗೆ, ಇಡೀ ಕಾಲೊನಿಯಲ್ಲಿ ಸಂಜೆಯಾದರೆ ಬುಡ್ಡಿ ದೀಪ ಹಚ್ಚುವ ಮನೆ ಮಾದರಿ ಮನೆಯೊಂದೇ ಆಯಿತು. ಪಕ್ಕದ ಮನೆಗಳಲ್ಲಿ ಟೀವಿ ಹಾಡುವಾಗ ದೇವಾನಂದ ಕಿಟಕಿ ಮುಚ್ಚುತ್ತಿದ್ದ.

2007ರ ಫೆಬ್ರುವರಿಯಲ್ಲಿ ಪುಂಡಲೀಕ ಸರ್ ಒಬ್ಬರೇ ಬಂದು ಜಗಲಿಯಲ್ಲಿ ಕೂತರು. ಬೇಲೆಕೇರಿಯ ಮೀನುಗಾರರ ಕೇರಿಯಲ್ಲಿ ನಲವತ್ತು ಮನೆಗೆ ಸೋಲಾರ್ ಹಾಕಲು ಮಂಜೂರಾಗಿದೆ, ಆದರೆ ಜನ ಮೀಟರು ಬಿಟ್ಟುಕೊಡಲು ಹಿಂದೆಮುಂದೆ ನೋಡುತ್ತಿದ್ದಾರೆ ಎಂದರು.

"ನಾ ಹೇಳಿದ್ರೆ ನಂಬೂದಿಲ್ಲ. ಅನುಭವಿಸಿದ ಹೆಂಗಸು ಹೇಳಿದ್ರೆ ಬೇರೆ. ನೀವೊಂದ್ಸಲ ಬರ್ಬೇಕು ಮಂದಾಕಿನಿ ಬಾಯಿ."

"ಎಂತಾ ಹೇಳೂದು ಸರ್ ನಾನು? ನಮ್ಮ ಮನೇಲೇ..."

"ನಿಮ್ಮ ಮೀಟರ್ ವಾಪಸ್ ಹಾಕ್ಸೂಕೆ ನಾನೇ ಓಡಾಡ್ತೆ. ಆಫೀಸಲ್ಲಿ ನಂಗೆ ಪರಿಚಯ ಇದೆ. ನೀವೂ ಸಲ್ಪ ನಮ್ಮ ಕೆಲಸಕ್ಕೆ ಓಡಾಡಿ. ಅಷ್ಟೇ."

ಒಳಗಿನಿಂದ ಮಾವನ ಕೆಮ್ಮು ಕೇಳಿಸಿತು. ಮಂದಾಕಿನಿ ಮರುದಿನ ಜೀಪು ಹತ್ತಿದಳು.

ಬೇಲೆಕೇರಿಯ ರಸ್ತೆಯುದ್ದಕ್ಕೂ ಅದಿರು ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಗಿಡಗಂಟಿ, ಮನೆಯ ಹಂಚು, ಒಣಗಲು ಹಾಕಿದ ಮೀನು—ಎಲ್ಲದರ ಮೇಲೂ ಕೆಂಪು ಧೂಳು. ಕೇರಿಯ ಹೆಂಗಸರು ಮೀನು ಒಣಗಿಸುವ ಅಂಗಳದಲ್ಲಿ ಸೇರಿದ್ದರು. ಮಂದಾಕಿನಿ ಮಾತು ಶುರು ಮಾಡಿದಳು. ಮೊದಮೊದಲು ನಾಲಿಗೆ ತಡವರಿಸಿತು. ಆಮೇಲೆ, ಅಷ್ಟೊಂದು ಮುಖಗಳು ತನ್ನನ್ನೇ ನೋಡುತ್ತಿವೆ ಎಂಬುದು ಅರಿವಾದಂತೆ, ಮಾತು ತಾನಾಗಿ ಹರಿಯಿತು. ಎಷ್ಟೋ ದಿನಗಳಿಂದ ಯಾರೂ ಅವಳ ಮಾತನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಳು ಕೈಯೆತ್ತಿದಳು. ಮೂವತ್ತರ ಹತ್ತಿರದ ಹೆಂಗಸು, ತೊಡೆಯ ಮೇಲೆ ಐದಾರು ವರ್ಷದ ಹುಡುಗಿ. ಹೆಸರು ನೀಲಾ. ಗಂಡನಿಗೆ ಬೈತಖೋಲ ಬಂದರಿನ ಟ್ರಾಲರಿನಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಇವಳು ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಾಳೆ.

"ಅಕ್ಕಾ, ಮಳೆಗಾಲದಲ್ಲಿ? ನಾಕ್ ತಿಂಗಳು ಸೂರ್ಯನ ಮುಖ ಕಾಣೂದಿಲ್ಲ ನಮಗೆ. ಆಗ ಉರೀತದೆಯಾ?"

ಪುಂಡಲೀಕ ಸರ್ ಉತ್ತರ ಹೇಳಲು ಗಂಟಲು ಸರಿಮಾಡಿಕೊಂಡರು. ಅವರಿಗಿಂತ ಮೊದಲೇ ಮಂದಾಕಿನಿ ಹೇಳಿಬಿಟ್ಟಳು: "ಉರೀತದೆ. ನಮ್ಮ ಮನೇಲಿ ಎರಡು ಮಳೆಗಾಲ ಆಯ್ತು. ಒಂದು ದಿನ ಆರ್ಲಿಲ್ಲ."

ಆಗಿದ್ದದ್ದು ಒಂದೇ ಮಳೆಗಾಲ. ಸರ್ ಕೂಡ ಒಮ್ಮೆ ತಿರುಗಿ ಅವಳನ್ನು ನೋಡಿದರು.

"ನಿಮಗೂ ಮಗಳಿದಾಳೆ ಅಂದ್ರಿ. ನೀವ್ ಹೇಳೂದಾದ್ರೆ ಸಾಕು," ಎಂದ ನೀಲಾ ಎಲ್ಲರಿಗಿಂತ ಮೊದಲು ಅರ್ಜಿಗೆ ಸಹಿ ಹಾಕಿದಳು. ಅವಳ ಹಿಂದೆ ಮೂವತ್ತೊಂಬತ್ತು ಮಂದಿ ಹಾಕಿದರು. ಹೊರಡುವಾಗ ನೀಲಾ ಒಂದು ಕಟ್ಟು ಒಣ ಸೀಗಡಿ ತಂದು ಮಂದಾಕಿನಿಯ ಕೈಗೆ ಕೊಟ್ಟಳು. ಮಗಳಿಗೆ, "ಪ್ರಗತೀ, ಮಾವಶಿಗೆ ಟಾಟಾ ಮಾಡು," ಎಂದಳು. ಹುಡುಗಿ ಬಲಗೈ ಬೀಸಿತು.

ಜೀಪಿನಲ್ಲಿ ಸೋಮ ಯಾರಿಗೂ ಅಲ್ಲ ಎಂಬಂತೆ ಹೇಳಿದ: "ಈ ಸಲದ ಬ್ಯಾಟರಿ ಎಲ್ಲಾ ಲಾರಿಯ ಹಳೇವು. ಮೇಲಿಂದ ಹೊಸಾ ಸ್ಟಿಕರು."

ಮಂದಾಕಿನಿ ಕೇಳಿಸಿಕೊಂಡಳು. ಹೊರಗೆ ನೋಡುತ್ತ ಕೂತಳು.

ಆ ವರ್ಷ ಮಳೆ ಜೂನ್ ಮೊದಲ ವಾರಕ್ಕೇ ಹಿಡಿಯಿತು. ಜುಲೈನ ಒಂದು ಮಧ್ಯಾಹ್ನ, ಮೂರು ಗಂಟೆಗೇ ಕಪ್ಪಾಗಿ ಮೋಡ ಕವಿದು, ಮಂದಾಕಿನಿ ಒಳಗೆ ಬುಡ್ಡಿ ಹಚ್ಚಿಟ್ಟು ಅಕ್ಕಿ ಆರಿಸುತ್ತಿದ್ದಳು. ಬಾಗಿಲಲ್ಲಿ ಯಾರೋ ಕೊಡೆ ಕೊಡವಿದರು. ನೀಲಾ. ಸೀರೆ ಮೊಣಕಾಲವರೆಗೆ ನೆನೆದಿತ್ತು.

"ಬಸ್ಸಲ್ಲಿ ಕೇಳ್ತಾ ಕೇಳ್ತಾ ಬಂದೆ ಅಕ್ಕಾ. ನಮ್ಮ ಕೇರೀಲಿ ಒಂದ್ ಮನೇಲೂ ದೀಪ ಇಲ್ಲ. ಸರ್ ಫೋನ್ ಎತ್ತೂದಿಲ್ಲ. ನಿಮ್ಮಲ್ಲಿ ಮಳೇಲೂ ಉರೀತದೆ ಅಂದ್ರಲ್ಲ, ಹೇಂಗೆ ಮಾಡ್ತೀರಿ ಅಂತ ಕೇಳೂಕೆ..."

ಮಾತು ಅಲ್ಲಿಗೆ ನಿಂತಿತು. ಅವಳ ಕಣ್ಣು ಬುಡ್ಡಿಯ ಮೇಲೆ ಬಿದ್ದಿತ್ತು. ಅಲ್ಲಿಂದ ಜಂತಿಗೆ ಕಟ್ಟಿದ ದೀಪದ ಕಡೆ ಹೋಯಿತು, ಅಲುಗಾಡದ ಫ್ಯಾನಿನ ಕಡೆ ಹೋಯಿತು.

"ಬ್ಯಾಟರಿ ರಿಪೇರಿಗೆ ಹೋಗಿದೆ," ಎಂದಳು ಮಂದಾಕಿನಿ.

"ಯಾವಾಗ?"

ಉತ್ತರ ಮಂಚದಿಂದ ಬಂತು. ಮಾವನಿಗೆ ಮಾತಾಡಲು ಜನ ಸಿಕ್ಕಿದ ಸಂತೋಷ. "ಹೋದ ವರ್ಷ ಮಳೆಗಾಲದಲ್ಲಿ ಹೋದದ್ದು ತಂಗೀ. ಸಾಹೇಬರು ಬರೂ ದಿನ ಮಾತ್ರ ತರ್ತಾರೆ. ಮತ್ತೆ ತಗಂಡು ಹೋಗ್ತಾರೆ."

ನೀಲಾ ಜಗಳ ಮಾಡುತ್ತಾಳೆ, ಬೈಯುತ್ತಾಳೆ ಎಂದು ಮಂದಾಕಿನಿ ಕಾದಳು. ಬೈದಿದ್ದರೆ ತಾನೂ ತಿರುಗಿ ಬೈಯಬಹುದಿತ್ತು. ನೀಲಾ ಕೆನ್ನೆಯ ಮೇಲಿನ ನೀರು ಒರೆಸಿಕೊಂಡು ಕೆಳದನಿಯಲ್ಲಿ ಕೇಳಿದಳು:

"ಸಲ್ಪ ಚಿಮಣಿ ಎಣ್ಣೆ ಇದ್ರೆ ಕೊಡ್ತೀರಾ ಅಕ್ಕಾ? ಸೋಲಾರ್ ಇದ್ದವರಿಗೆ ಎಣ್ಣೆ ಎಂತಕ್ಕೆ ಅಂತ ರೇಶನ್‌ನಲ್ಲಿ ನಿಲ್ಸಿದಾರೆ. ಮನೇಲಿ ಅತ್ತೆ, ನನ್ನ ಹುಡುಗಿ. ಒಂದು ಬಾಟ್ಲಿ ಸಾಕು. ಆಮೇಲೆ ಮೀನು ತಂದ್ಕೊಡ್ತೆ."

ಬಾಗಿಲ ಮೂಲೆಯಲ್ಲಿ ಸೀಮೆಎಣ್ಣೆಯ ಐದು ಲೀಟರಿನ ಕ್ಯಾನು ಇತ್ತು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ದೇವಾನಂದ ಸೊಸಾಯಿಟಿಯವರ ಕೈಕಾಲು ಹಿಡಿದು ತಂದದ್ದು. ರಕ್ಷಿತಾಗೆ ಆ ವರ್ಷ ಹತ್ತನೇ ತರಗತಿ. ಮಳೆಗಾಲ ಇನ್ನೂ ಎರಡು ತಿಂಗಳಿತ್ತು.

"ನಮ್ಮಲ್ಲೂ ಮುಗೀತು ಮಾರಾಯ್ತಿ. ಇಷ್ಟೇ ಇರೂದು," ಎಂದು ಮಂದಾಕಿನಿ ಬುಡ್ಡಿ ತೋರಿಸಿದಳು.

ನೀಲಾ ಕ್ಯಾನಿನ ಕಡೆ ನೋಡಿದಳು. ನೋಡಿದ್ದನ್ನು ಮಂದಾಕಿನಿ ನೋಡಿದಳು. "ಅಡ್ಡಿಲ್ಲ ಅಕ್ಕಾ," ಎಂದು ನೀಲಾ ಕೊಡೆ ಬಿಚ್ಚಿ ಮಳೆಗೆ ಇಳಿದಳು. ಚಹಾ ಕುಡಿದು ಹೋಗು ಎಂದು ಕರೆಯಬೇಕೆಂದು ಮಂದಾಕಿನಿಗೆ ಹೊಳೆಯುವಷ್ಟರಲ್ಲಿ ಅವಳು ಓಣಿ ದಾಟಿದ್ದಳು.

ಆಗಸ್ಟಿನಲ್ಲಿ ಸುದ್ದಿ ತಂದವನು ಸೋಮ. ಎಣ್ಣೆ ಸಿಗದೆ ನೀಲಾ, ದೋಣಿಯ ಎಂಜಿನ್ನಿಗೆ ಹಾಕುವ ಪೆಟ್ರೋಲ್ ಬೆರೆಸಿದ ಎಣ್ಣೆಯನ್ನು ಬಾಟಲಿ ದೀಪಕ್ಕೆ ಹಾಕಿದ್ದಳಂತೆ. ಅದು ಭಗ್ಗನೆ ಎದ್ದು, ಬಾಟಲಿ ಉರುಳಿ, ಪಕ್ಕದಲ್ಲಿ ಅಕ್ಷರ ತಿದ್ದುತ್ತ ಕೂತಿದ್ದ ಪ್ರಗತಿಯ ಮೇಲೆ ಬಿತ್ತಂತೆ. ಬಲಗೈ, ಭುಜ, ಕುತ್ತಿಗೆಯ ಒಂದು ಬದಿ. ಅಂಕೋಲೆಯ ಆಸ್ಪತ್ರೆಯಿಂದ ಕಾರವಾರ, ಕಾರವಾರದಿಂದ ಮತ್ತೆ ಮನೆ. ಬದುಕಿದೆ, ಆದರೆ ಮೊಣಕೈಯ ಚರ್ಮ ಅಂಟಿಕೊಂಡು ಕೈ ನೆಟ್ಟಗಾಗುತ್ತಿಲ್ಲ.

"ಅವ್ಳು ಇಲ್ಲಿಗೆ ಬಂದಿದ್ಲಂತಲ್ಲ ಅಕ್ಕಾ?" ಸೋಮ ಕೇಳಿದ.

"ಯಾರು? ಯಾರೂ ಬರ್ಲಿಲ್ಲ," ಎಂದಳು ಮಂದಾಕಿನಿ. ಮಾವ ಆಗ ಮಲಗಿದ್ದರು.

ದಸರೆ ಕಳೆದ ಮೇಲೆ ಮುಂಬೈಯಿಂದ ದೊಡ್ಡ ಅತಿಥಿ ಬರುವುದೆಂದಾಯಿತು. ಇನ್ನೂ ಇನ್ನೂರು ಮನೆಗೆ ದುಡ್ಡು ಕೊಡುವ ಮನಸ್ಸಿರುವ ಶ್ರೀಮಂತ ಹೆಂಗಸು. ಬೇಲೆಕೇರಿಯನ್ನೇ ನೋಡಬೇಕೆಂದು ಹಟ. ಪುಂಡಲೀಕ ಸರ್ ಮಂದಾಕಿನಿಯ ಜಗಲಿಗೆ ಓಡಿಬಂದರು. "ನಾಕು ಮನೆ ರೆಡಿ ಮಾಡಿದ್ದೆ. ಬ್ಯಾಟರಿ ಬಾಡಿಗೆಗೆ ತಂದಿದ್ದೆ. ಆ ನೀಲಾ ಒಬ್ಬಳದೇ ಹೆದರಿಕೆ. ನೀವು ಪಕ್ಕದಲ್ಲಿರಿ ಬಾಯಿ. ಆ ಮುಂಬೈ ಬಾಯಿಗೆ ಕನ್ನಡ, ಕೊಂಕಣಿ ಎರಡೂ ಬರೂದಿಲ್ಲ. ನೀವೇ ಹಿಂದಿಯಲ್ಲಿ ಹೇಳಬೇಕು. ನಿಮ್ಮ ಮೀಟರಿನ ಕಾಗದ ಮೇಲಿನ ಟೇಬಲ್ಲಿಗೆ ಹೋಗಿದೆ, ನೆನಪಿರ್ಲಿ."

ಮುಂಬೈಯ ಬಾಯಿ ಒಳ್ಳೆಯವಳೇ. ಚಪ್ಪಲಿ ಬಿಟ್ಟು ಪ್ರತಿ ಮನೆಯೊಳಗೂ ಹೋದಳು, ಮುದುಕಿಯರ ಕಾಲು ಮುಟ್ಟಿದಳು. ನಾಲ್ಕನೇ ಮನೆಯಿಂದ ಹೊರಬರುವಾಗ ನೀಲಾ ದಾರಿಗೆ ಅಡ್ಡ ಬಂದು ನಿಂತಳು. ಪಕ್ಕದಲ್ಲಿ ಮಗಳು. ಪುಂಡಲೀಕ ಸರ್ "ಆಮೇಲೆ, ಆಮೇಲೆ" ಎಂದು ಕೈ ಆಡಿಸಿದರು. ಬಾಯಿ ಅವರನ್ನು ತಡೆದು, "ಅವಳು ಮಾತಾಡಲಿ," ಎಂದು ಹಿಂದಿಯಲ್ಲಿ ಹೇಳಿದಳು.

ನೀಲಾ ಹುಡುಗಿಯ ಅಂಗಿಯ ತೋಳು ಮೇಲೆತ್ತಿದಳು. ಕುತ್ತಿಗೆಯಿಂದ ಮೊಣಕೈಯವರೆಗೆ ಚರ್ಮ ಗಂಟುಗಂಟಾಗಿ, ಕೆಂಪಾಗಿ ಹೊಳೆಯುತ್ತಿತ್ತು. ಕೈ ಮಡಚಿದಲ್ಲೇ ನಿಂತಿತ್ತು.

"ಈ ದೀಪ ನಂಬಿ ಮೀಟರ್ ಬಿಟ್ಟೆ ಬಾಯೋರೆ," ಅಂದಳು. ಅಳಲಿಲ್ಲ. ಒಂದೊಂದೇ ಮಾತು, ಮೀನಿನ ಮುಳ್ಳು ಬಿಡಿಸಿದಂತೆ. "ಹಳೇ ಬ್ಯಾಟರಿ ಕೊಟ್ರು. ಮಳೆ ಬಂದ ಕೂಡ್ಲೇ ಆರಿಹೋಯ್ತು. ಎಣ್ಣೆನೂ ನಿಲ್ತು. ಕತ್ತಲೇಲಿ ದೋಣಿ ಎಣ್ಣೆ ಹಚ್ಚಿದೆ, ನನ್ನ ಹುಡುಗಿ ಸುಟ್ಟುಹೋಯ್ತು. ಇವತ್ತು ಉರೀತಿರೂ ದೀಪ ಎಲ್ಲ ಸುಳ್ಳು. ನಾಳೆ ಇರೂದಿಲ್ಲ. ಇದನ್ನ ಇವ್ರಿಗೆ ಹೇಳಿ ಅಕ್ಕಾ. ಹಾಂಗೇ ಹೇಳಿ."

ಎಲ್ಲರೂ ಮಂದಾಕಿನಿಯತ್ತ ತಿರುಗಿದರು. ಹುಡುಗಿ ತನ್ನನ್ನು ಗುರುತು ಹಿಡಿದು ನಗುತ್ತಿರುವುದು ಕಂಡಿತು. ಮೀಟರು, ಮಾವನ ಎದೆಯ ಸೀಟಿ, ರಕ್ಷಿತಾಳ ಪರೀಕ್ಷೆ ಎಲ್ಲವೂ ಒಟ್ಟಿಗೆ ತಲೆಗೆ ಬಂದವು. ಅಥವಾ ಏನೂ ಬರಲಿಲ್ಲವೋ. ಆಮೇಲೆ ಎಷ್ಟು ನೆನೆಸಿಕೊಂಡರೂ ಅವಳಿಗೆ ಅದು ತಿಳಿಯಲಿಲ್ಲ. ಹಿಂದಿ ಮಾತ್ರ ಎಂದಿನಂತೆ ಸರಾಗವಾಗಿ ಬಂತು.

"ಇವಳು ಹೇಳುತ್ತಿದ್ದಾಳೆ—ಪೆಹಲೆ, ಈ ದೀಪ ಬರುವ ಮೊದಲು, ಮನೆಯಲ್ಲಿ ಕತ್ತಲೆಯಿತ್ತು. ಎಣ್ಣೆ ದೀಪ ಉರುಳಿ ಮಗು ಸುಟ್ಟುಹೋಯಿತು. ನೀವು ಸ್ವಲ್ಪ ಮುಂಚೆ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುತ್ತಿದ್ದಾಳೆ. ಬೇರೆ ಮಕ್ಕಳಿಗೆ ಹೀಗಾಗದಿರಲಿ, ಎಲ್ಲ ಮನೆಗೂ ಕೊಡಿ ಎಂದು ಬೇಡುತ್ತಿದ್ದಾಳೆ."

ಮುಂಬೈಯ ಬಾಯಿಯ ಕಣ್ಣಲ್ಲಿ ನೀರು ಬಂತು. ಮಣ್ಣಿನ ನೆಲದ ಮೇಲೆ ಮಂಡಿಯೂರಿ ಹುಡುಗಿಯನ್ನು ತಬ್ಬಿಕೊಂಡಳು. ಜೊತೆಗೆ ಬಂದಿದ್ದವನು ಫೋಟೋ ತೆಗೆದ. ಅಂಟಿದ ಚರ್ಮ ಸರಿಯಾಗಿ ಕಾಣುವಂತೆ ಕೈ ಬೆಳಕಿನ ಕಡೆ ತಿರುಗಿಸಲು ಹೇಳಿದ. ಪುಂಡಲೀಕ ಸರ್ ತಾವೇ ಹಿಡಿದು ತಿರುಗಿಸಿದರು.

ನೀಲಾಗೆ ಹಿಂದಿ ಮಾತಾಡಲು ಬರುತ್ತಿರಲಿಲ್ಲ. ಆದರೆ ಟೀವಿ ನೋಡಿದ ಕಿವಿ. 'ಪೆಹಲೆ' ಎಂದರೇನೆಂದು ಅವಳಿಗೆ ಗೊತ್ತಿತ್ತು. ಅವಳು ಮಂದಾಕಿನಿಯನ್ನು ನೋಡಿದಳು. ತುಟಿ ಅಲುಗಿತು.

ಅಷ್ಟರಲ್ಲಿ ಬಾಯಿ ಎದ್ದು ಮಂದಾಕಿನಿಗೆ ಏನೋ ಹೇಳಿದಳು.

"ಎಂತಾ ಹೇಳಿದ್ರು?" ನೀಲಾಳ ದನಿ ಒಡೆದಿತ್ತು.

"ಪ್ರಗತಿಗೆ ಮುಂಬೈಯಲ್ಲಿ ಆಪರೇಶನ್ ಮಾಡಿಸ್ತಾರಂತೆ. ಕೈ ಸರಿಯಾಗ್ತದಂತೆ. ಖರ್ಚೆಲ್ಲ ಅವರದೇ." ಇಷ್ಟು ಬಾಯಿ ಹೇಳಿದ್ದೇ. ಮುಂದಿನದನ್ನು ಮಂದಾಕಿನಿ ತಾನೇ ಸೇರಿಸಿದಳು: "ನೀನು ಸುಮ್ನಿದ್ರೆ."

ನೀಲಾ ಮಗಳ ಕೈ ನೋಡಿದಳು. ಅಂಗಿಯ ತೋಳನ್ನು ಮೆಲ್ಲಗೆ ಕೆಳಗಿಳಿಸಿದಳು. ಆಮೇಲೆ ಬಾಯಿಯ ಕಡೆ ತಿರುಗಿ ಎರಡೂ ಕೈ ಮುಗಿದಳು.

ದುಡ್ಡು ಬಂತು. ಪ್ರಗತಿಯ ಫೋಟೋ ಟ್ರಸ್ಟಿನ ಹೊಸ ವರ್ಷದ ಕ್ಯಾಲೆಂಡರಿನ ಮೇಲೆ ಅಚ್ಚಾಯಿತು. ಕೆಳಗೆ ಎರಡು ಸಾಲು: ಕತ್ತಲೆ ಮಾಡಿದ ಗಾಯ, ನಿಮ್ಮ ಬೆಳಕೇ ಔಷಧಿ. ಡಿಸೆಂಬರಿನಲ್ಲಿ ಮಂದಾಕಿನಿಯ ಮನೆಗೆ ಮೀಟರು ಬಂತು. ಅತಿಥಿಗಳ ಕಣ್ಣಿಗೆ ಬೀಳದಿರಲೆಂದು ಬಚ್ಚಲ ಗೋಡೆಯ ಹಿಂದೆ ಕೂರಿಸಿದರು. ದೇವಾನಂದ ಕಂತಿನಲ್ಲಿ ದೊಡ್ಡ ಫ್ಯಾನು ತಂದ. ಕರೆಂಟು ಮೊದಲಿನಂತೆಯೇ ಹೋಗುತ್ತಿತ್ತು, ಬರುತ್ತಿತ್ತು. ಆಪರೇಶನ್ನಿನ ಬಗ್ಗೆ ಮಂದಾಕಿನಿ ಸರ್ ಅವರನ್ನು ಒಮ್ಮೆ ಕೇಳಿದಳು. "ಆ ಮುಂಬೈಯವರು ಹಣ ಕಳಿಸಿದ್ದು ಒಟ್ಟಿಗೆ ಬಾಯಿ, ಇದು ಇದಕ್ಕೆ ಅಂತ ಬರೆದಿಲ್ಲ. ಮುಂದಿನ ವರ್ಷ ನೋಡುವಾ," ಎಂದರು. ಎರಡನೇ ಸಲ ಅವಳು ಕೇಳಲಿಲ್ಲ.

ಮಾರ್ಚಿನಲ್ಲಿ ಯಾವುದೋ ಮದುವೆಗೆಂದು ಅಂಕೋಲೆಗೆ ಹೋದವಳು ವಾಪಸು ಬರುವಾಗ ಮೀನು ಪೇಟೆಗೆ ಹೊಕ್ಕಳು. ಸಾಲಿನ ಕೊನೆಯಲ್ಲಿ ನೀಲಾ ಕೂತಿದ್ದಳು. ತಿರುಗಿ ಹೋಗಲು ಮಂದಾಕಿನಿ ಹೆಜ್ಜೆ ಹಿಂದಿಟ್ಟಳು. ಆದರೆ ನೀಲಾ ಆಗಲೇ ಕಂಡು, ಎದ್ದು ನಿಂತು, ಅವಸರದಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಪ್ರಗತಿ ಎಡಗೈಯಿಂದ ನೊಣ ಓಡಿಸುತ್ತಿತ್ತು.

"ಅಕ್ಕಾ," ನೀಲಾ ಹತ್ತಿರ ಬಂದು, ಪಕ್ಕದ ಹೆಂಗಸರಿಗೆ ಕೇಳದಂತೆ ಪಿಸುಗುಟ್ಟಿದಳು. "ನಾ ಸುಮ್ನೇ ಇದ್ದೆ. ಯಾರ ಹತ್ರನೂ ಒಂದ್ ಮಾತು ಆಡ್ಲಿಲ್ಲ. ಗಂಡನ ಹತ್ರನೂ ಇಲ್ಲ. ಆಪರೇಶನ್ ಯಾವಾಗ ಅಂತ ಏನಾರೂ ಹೇಳಿದ್ರಾ?"

ಮಂದಾಕಿನಿ ಬುಟ್ಟಿಯತ್ತ ನೋಡಿದಳು. ಬಂಗಡೆ ತಾಜಾ ಇತ್ತು, ಕಣ್ಣು ಹೊಳೆಯುತ್ತಿತ್ತು.

"ಆಗ್ತದೆ," ಎಂದಳು. "ಪಟ್ಟೀಲಿ ಹೆಸರಿದೆ. ಇನ್ನೂ ಸಲ್ಪ ದಿನ ಹೀಂಗೇ ಇರು."

"ಇರ್ತೆ ಅಕ್ಕಾ. ಎಷ್ಟ್ ದಿನ ಬೇಕಾದ್ರೂ ಇರ್ತೆ," ಎಂದ ನೀಲಾ ಬುಟ್ಟಿಯಲ್ಲಿ ಕೈಯಾಡಿಸಿ, ಇದ್ದುದರಲ್ಲಿ ದೊಡ್ಡ ದೊಡ್ಡ ಬಂಗಡೆಗಳನ್ನು ಆರಿಸಿ ಚೀಲಕ್ಕೆ ತುಂಬಿದಳು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ, ಮಂದಾಕಿನಿಯ ಬೆರಳುಗಳನ್ನು ಮಡಚಿ ಹಿಂದಕ್ಕೆ ನೂಕಿದಳು.

ಮಂದಾಕಿನಿ ಎರಡನೇ ಸಲ ಒತ್ತಾಯ ಮಾಡಲಿಲ್ಲ. ಚೀಲ ತೆಗೆದುಕೊಂಡು ಬಸ್ಸಿನ ಕಡೆ ನಡೆದಳು.